ಕಾಕಾ ಎಳೆದ ಉದ್ದ ಗೀಟು

ಟ್ಯಾಂಕಿಗೆ ಬಗ್ಗುವ ಮೊದಲು ಕಾಕಾ ಕೊರಳಿನ ಬೆಳ್ಳಿ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಳ್ಳುತ್ತಿದ್ದರು. ಒಳಗೆ ಇಷ್ಟಲಿಂಗ, ಅದಕ್ಕೆ ಮೀನಿನ ನೀರು ಸಿಡಿಯಬಾರದು. ಎಡಗೈ ಹೆಬ್ಬೆರಳಿನಲ್ಲಿ ಶಿವದಾರ ಎತ್ತಿ, ಭುಜದ ಮೇಲಿಂದ ಮೆಲ್ಲಗೆ ಹಿಂದಕ್ಕೆ ಇಳಿಸಿ, ಅದು ಅಂಗಿಯೊಳಗೆ ಸರಿಯಾಗಿ ಕುಳಿತಿದೆಯೇ ಎಂದು ಒಮ್ಮೆ ಮೈ ಕೊಡವಿ ನೋಡಿ, ಆಮೇಲೆ ತೋಳು ಮಡಿಚುವರು. ಬಲಗಿವಿಯ ಮೇಲೆ ಒಂದು ತುಂಡು ಸೀಮೆಸುಣ್ಣ ಸಿಕ್ಕಿಸಿರುತ್ತಿತ್ತು. ಎಷ್ಟು ಬಗ್ಗಿದರೂ ಅದು ಬಿದ್ದದ್ದನ್ನು ನಾನು ನೋಡಿಲ್ಲ. ದಿನಕ್ಕೆ ನಾಲ್ಕು ಸಲ ಮೀನಿಗೆ ತಿನ್ನಿಸುವುದು, ನಾಲ್ಕು ಸಲವೂ ಇದೇ ಕ್ರಮ. ಮುಗಿದ ಮೇಲೆ ಕೈ ತೊಳೆದು, ಕ್ಯಾಂಟೀನಿನಿಂದ ಕೇಳಿ ತಂದ ನಿಂಬೆ ಸಿಪ್ಪೆ ಉಜ್ಜಿ, ಮತ್ತೆ ತೊಳೆದು ಒರೆಸಿಕೊಂಡರೆ ಕರಡಿಗೆ ಎದೆಗೆ ಮರಳುತ್ತಿತ್ತು.

ಅವರು ಜನ್ಮದಲ್ಲಿ ಮೀನು ತಿಂದವರಲ್ಲ. ನಾನೋ ಮೀನಿಲ್ಲದೆ ಅನ್ನ ಇಳಿಯದ ಮನೆಯವಳು. ಆದರೂ ಮೀನೆಂದರೆ ಏನು ಎಂದು ನನಗೆ ಕಲಿಸಿದವರು ಅವರು.

ನಾನು ಅವರನ್ನು ಮೊದಲು ಕಂಡದ್ದು 2010ರ ಆಸುಪಾಸಿನಲ್ಲಿ. ಆಗಷ್ಟೇ ಎಂಎಸ್ಸಿ ಮುಗಿಸಿ, ನವಿ ಮುಂಬಯಿಯ ಐರೋಲಿಯಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ದಡಕ್ಕಿದ್ದ ಒಂದು ಮೀನು ಸಂಶೋಧನಾ ಕೇಂದ್ರಕ್ಕೆ ಪಿಎಚ್‌ಡಿ ಮಾಡಲು ಸೇರಿದ್ದೆ. ನಮ್ಮ ಕೆಲಸವೆಲ್ಲ ಜಿತಾಡಾದ ಮೇಲೆ. ಹೋಟೆಲಿನ ಮೆನುವಿನಲ್ಲಿ ಅದಕ್ಕೆ ಸೀಬಾಸ್ ಎಂಬ ದೊಡ್ಡ ಹೆಸರು ಇರುತ್ತದೆ. ಸಮುದ್ರದ ಮೀನು, ಆದರೆ ಖಾಡಿಗೂ ಬರುತ್ತದೆ, ಉಪ್ಪುನೀರಿನ ಕೊಳದಲ್ಲೂ ಬೆಳೆಯುತ್ತದೆ. ಪನ್ವೇಲ್, ಉರಣ್ ಕಡೆ ಅದನ್ನು ಕೊಳಗಳಲ್ಲಿ ಸಾಕಿ ಬದುಕುವ ಕುಟುಂಬಗಳು ಎಷ್ಟೋ. ಆದರೆ ಮರಿಗಳಿಗೆ ಒಂದು ವೈರಸ್ ಬಡಿಯುತ್ತದೆ. ಅದು ನರಗಳಿಗೇ ಹೋಗಿ ಕೂರುವುದು. ಮರಿಯ ಮೈ ಕಪ್ಪಾಗಿ, ತಲೆ ಕೆಟ್ಟವರ ಹಾಗೆ ಗಿರಗಿರ ಸುತ್ತಿ ಸುತ್ತಿ ತಳ ಸೇರುತ್ತದೆ. ವಾರದೊಳಗೆ ಕೊಳವೇ ಖಾಲಿ. ಹಾಗಿದ್ದೂ ಪ್ರತಿಸಲ ಬೆರಳೆಣಿಕೆಯಷ್ಟು ಮರಿಗಳು ಕಾಯಿಲೆ ಬಿದ್ದು ಮತ್ತೆ ಏಳುತ್ತವೆ. ಅವು ಯಾಕೆ ಏಳುತ್ತವೆ ಎನ್ನುವುದೇ ನನ್ನ ಗೈಡ್ ಆಗಿದ್ದ ಮೇಡಂ ಹಿಡಿದ ಪ್ರಶ್ನೆ. ಅಂಥ ಒಂದು ಮೀನಿನ ಜೀನೋಮನ್ನು, ಅಂದರೆ ಅದರ ಮೈಯನ್ನು ಕಟ್ಟಿದ ಪೂರ್ತಿ ಬರಹವನ್ನು, ಮೊದಲಕ್ಷರದಿಂದ ಕೊನೆಯವರೆಗೆ ಓದಿಸಬೇಕು. ಸತ್ತ ಮೀನುಗಳ ಬರಹದ ಜೊತೆ ಅಲ್ಲಲ್ಲಿ ಹೋಲಿಸಿ ನೋಡಬೇಕು. ವ್ಯತ್ಯಾಸ ಸಿಕ್ಕರೆ ಮುಂದೆ ಅದನ್ನು ಗುರುತಾಗಿಟ್ಟುಕೊಂಡು ಗಟ್ಟಿ ಮರಿ ಹಾಕುವ ತಂದೆತಾಯಿ ಮೀನುಗಳನ್ನು ಆರಿಸಬಹುದು.

ಕಾಕಾ ಬಿಜಾಪುರದ ಕಡೆಯವರು. ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಮೂಟೆ ಹೊತ್ತು ಹೊತ್ತು ಬೆನ್ನು ಕೂತ ಮೇಲೆ, ಯಾರೋ ಹೇಳಿ ನಮ್ಮ ಕೇಂದ್ರದ ಟ್ಯಾಂಕ್ ನೋಡಿಕೊಳ್ಳುವ ಗುತ್ತಿಗೆ ಕೆಲಸಕ್ಕೆ ಸೇರಿದ್ದರು. ಹೆಂಡತಿ, ಮಗಳು ಊರಲ್ಲಿ. ಇವರು ಠಾಣೆ ಪಕ್ಕದ ಕಳವಾ ಎಂಬಲ್ಲಿ ಊರಿನವರೇ ನಾಲ್ಕು ಜನರ ಜೊತೆ ಒಂದು ಖೋಲಿಯಲ್ಲಿ ಇರುತ್ತಿದ್ದರು. ಕೇಂದ್ರದಲ್ಲಿ ಮರಾಠಿಯವರು, ಹಿಂದಿಯವರು, ನಾನು, ಎಲ್ಲರೂ ಅವರಿಗೆ ಕಾಕಾ ಎನ್ನುತ್ತಿದ್ದೆವು. ನಾನು ಡೊಂಬಿವಲಿಯವಳು, ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಓದಿದವಳು ಎಂದು ತಿಳಿದಾಗ ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ನನ್ನ ಕನ್ನಡ ಕೇಳಿ ನಗುತ್ತಿದ್ದರು. ಅವರ ಕನ್ನಡ ನನಗೆ ಅರ್ಥವಾಗಲು ಒಂದು ತಿಂಗಳು ಹಿಡಿಯಿತು.

ಮೊದಲ ದಿನವೇ ನನ್ನ ಮಾನ ಹೋಯಿತು. ಮೀನಿನ ಮನೆಯ ಹುಡುಗಿ ಎಂಬ ಠೇಂಕಾರದಲ್ಲಿ ಟ್ಯಾಂಕಿಗೆ ಕೈ ಹಾಕಿ ಒಂದು ಜಿತಾಡಾ ಹಿಡಿದೆ. ಅದು ಒಮ್ಮೆ ಮೈ ಕೊಡವಿತು ನೋಡಿ, ಕಿವಿರಿನ ಮುಚ್ಚಳದ ಚೂಪಿಗೆ ನನ್ನ ಅಂಗೈ ಸೀಳಿ ರಕ್ತ ಬಂತು. ಮೀನು ನೆಲದ ಮೇಲೆ, ನಾನು ಅಳುಮುಖ. ಕಾಕಾ ಕರಡಿಗೆ ಬೆನ್ನಿಗೆ ಸರಿಸಿ, ಕೈ ನೀರಿಗದ್ದಿ, ಒದ್ದೆ ಬಟ್ಟೆಯಲ್ಲಿ ಅದರ ತಲೆ ಮುಚ್ಚಿ ಎತ್ತಿದರು. ಮೀನು ಅವರ ಕೈಯಲ್ಲಿ ತೆಪ್ಪಗೆ ಮಲಗಿತು.

“ತಂಗೀ, ನೀವು ಅದರ ಕೂಡ ಕುಸ್ತಿಗೆ ಬಿದ್ರಿ. ಒಣಾ ಕೈಲೆ ಹಿಡಿದ್ರ ಅದಕ್ಕ ಸುಟ್ಟಂಗ ಆಕ್ಕೈತಿ. ಮೊದ್ಲ ಕೈ ನೀರಾಗ ಅದ್ದರಿ, ಆಮ್ಯಾಲೆ ಕಣ್ಣ ಮುಚ್ಚರಿ. ಕತ್ತಲಾತಂದ್ರ ತಾನ ಸುಮ್ಮನಾಗತೈತಿ.”

“ನೀವು ಮೀನು ತಿನ್ನುವುದಿಲ್ಲ, ನಿಮಗೆ ಇದೆಲ್ಲ ಹೇಗೆ ಗೊತ್ತು ಕಾಕಾ?” ಎಂದು ಕೇಳಿದೆ.

“ಅದಕ್ಕ ಗೊತ್ತು. ನೀವು ತಿನ್ನೋ ಮಂದಿ, ಕಂಡದ್ದೆಲ್ಲಾ ಸತ್ತ ಮೀನ. ನಾ ಜೀವ ಇದ್ದದ್ದನ್ನಷ್ಟ ಕಂಡೀನಿ.”

ಕೆಲಸಕ್ಕೆ ಸೇರುವಾಗಲೇ ಅವರು ಮೇಡಂ ಹತ್ತಿರ ಒಂದು ಕರಾರು ಮಾಡಿಕೊಂಡಿದ್ದರು. ತಿನ್ನಿಸುವುದು, ತೊಳೆಯುವುದು, ಮೀನಿನ ಆಹಾರಕ್ಕೆ ಸೀಗಡಿ ಕೊಚ್ಚುವುದು, ಸತ್ತದ್ದನ್ನು ಎತ್ತುವುದು ಎಲ್ಲ ಮಾಡುತ್ತಾರೆ, ಕೊಲ್ಲುವುದಿಲ್ಲ. ಪ್ರಯೋಗಕ್ಕೆಂದು ನಾವು ಮೀನು ಕೊಯ್ಯುವ ದಿನ, ಮಿದುಳು, ಗುಲ್ಮ ಎಲ್ಲ ತೆಗೆಯುವ ಹೊತ್ತಿಗೆ, ಕಾಕಾ ಹಿತ್ತಿಲಿನ ಪಂಪ್ ಶೆಡ್ಡಿಗೆ ಹೋಗಿ ಹಳೆಯ ಪಂಪ್ ಚಾಲೂ ಮಾಡುತ್ತಿದ್ದರು. ಅದರ ಗಡಗಡ ಸದ್ದಿನಲ್ಲಿ ಬೇರೇನೂ ಕೇಳುವಂತಿರಲಿಲ್ಲ. ನಾವು ಕೈ ತೊಳೆದ ಮೇಲೆ ಪಂಪ್ ನಿಲ್ಲುತ್ತಿತ್ತು.

ಕಳವಾದಿಂದ ಐರೋಲಿ ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ರೈಲಿನಲ್ಲಿ ಠಾಣೆಗೆ ಹೋಗಿ, ಸೇತುವೆ ಹತ್ತಿ ಇಳಿದು, ನವಿ ಮುಂಬಯಿಯ ಗಾಡಿ ಹಿಡಿದು ತಿರುಗಿ ಬರಬೇಕು. ಸಂಜೆ ಇಬ್ಬರೂ ಒಟ್ಟಿಗೆ ಸ್ಟೇಷನ್ನಿಗೆ ನಡೆಯುತ್ತಿದ್ದೆವು. ನಾನು ಲೇಡೀಸ್ ಡಬ್ಬಾ, ಅವರು ಲಗೇಜ್ ಡಬ್ಬಾ. ಲಗೇಜಿನಲ್ಲಿ ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಹೋಗುವ, ಕೋಳಿ ಎಂಬ ಬೆಸ್ತರ ಜಾತಿಯ ಹೆಂಗಸರು ಕೂತಿರುತ್ತಿದ್ದರು. ಲಿಂಗ ಕಟ್ಟಿದ ಮನುಷ್ಯ ಮೀನು ಮಾರುವವರ ನಡುವೆ ಯಾಕೆ ನಿಲ್ಲುತ್ತಾರೆ ಎಂದು ನನಗೆ ತಿಳಿಯದೆ ಒಮ್ಮೆ ಕೇಳಿಯೇ ಬಿಟ್ಟೆ.

“ಅಲ್ಲಿ ಯಾರ ವಾಸನಿ ಯಾರದು ಅಂತ ಕೇಳೋರಿಲ್ಲ ನೋಡ್ರಿ,” ಎಂದರು. ಎಷ್ಟು ನಿಂಬೆ ಉಜ್ಜಿದರೂ ಅಂಗಿಗೆ ಹತ್ತಿದ್ದು ಹೋಗುವುದಿಲ್ಲವಂತೆ. “ಖೋಲ್ಯಾಗಿನ ಮಂದಿಗೆ, ಲಗೇಜ್ ಡಬ್ಬಾದಾಗ ಬರತೀನಿ, ಅದಕ್ಕ ಹಿಂಗ ನಾರತೀನಿ ಅಂತ ಹೇಳೀನಿ.”

“ಹಾಗಾದ್ರೆ ಊರಲ್ಲಿ ಎಂತ ಕೆಲಸ ಅಂತ ಹೇಳಿದ್ದೀರಿ?”

“ನೀರಿನ ಇಲಾಖೆ ಅಂತ. ಸುಳ್ಳೇನಲ್ಲರಿ, ದಿನಾ ನೀರಾಗ ಕೈ ಇರತಾವ.” ನಕ್ಕು, ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದರು: “ಲಿಂಗ ಕಟ್ಟಿದವ ಮೀನ ಸಾಕ್ತಾನಂದ್ರ ನಗತಾರ್ರಿ ಊರಾಗ. ಮಗಳ ಮಾತುಕತಿ ಬ್ಯಾರೆ ನಡದೈತಿ. ಹೆಂಡ್ತಿಗೂ ಹೇಳಿಲ್ಲ.”

ಅವರ ಸೀಮೆಸುಣ್ಣದ ಬಗ್ಗೆ ಹೇಳಬೇಕು. ಗೋದಾಮಿನಲ್ಲಿ ಯಾರೂ ಎತ್ತಿಕೊಂಡು ಹೋಗದೆ ಉಳಿದ ಮೂಟೆಗೆ ಹಮಾಲರು ಒಂದು ಗೀಟು ಎಳೆಯುತ್ತಿದ್ದರಂತೆ. ಮಾರನೆಯ ದಿನವೂ ಉಳಿದರೆ ಅದೇ ಗೀಟನ್ನು ಬೆರಳಗಲ ಉದ್ದ ಮಾಡುವುದು. ಮಾಲು ಹೋದ ದಿನ ಅಡ್ಡ ಗೀಟು. ಈ ಪದ್ಧತಿಯನ್ನು ಅವರು ಹಾಗೆಯೇ ನಮ್ಮ ಟ್ಯಾಂಕಿನ ಹಿಂದಿನ ಗೋಡೆಗೆ ತಂದಿದ್ದರು. ಉಣ್ಣಲು ಮೇಲೆ ಬಾರದ ಮೀನಿಗೆ ಒಂದು ಗೀಟು. ಬಾರದಷ್ಟು ದಿನ ಗೀಟು ಉದ್ದವಾಗುತ್ತದೆ. ಮತ್ತೆ ಬಂದು ಉಂಡ ದಿನ ಅಡ್ಡ ಗೀಟು. ಸತ್ತರೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡುವರು. ನನ್ನ ಹತ್ತಿರ ಇಂಗ್ಲಿಷಿನ ದಪ್ಪ ರಿಜಿಸ್ಟರ್ ಇತ್ತು. ಅದರಲ್ಲಿ ನೀರಿನ ಉಪ್ಪು, ಶಾಖ, ಸತ್ತವುಗಳ ಸಂಖ್ಯೆ, ಎಲ್ಲ ಇತ್ತು. ಗೋಡೆಯನ್ನು ನಾನು ದಿನಾ ನೋಡುತ್ತಿದ್ದೆ, ಓದುತ್ತಿರಲಿಲ್ಲ.

ನಾನು ಸೇರಿ ಎರಡೂವರೆ ವರ್ಷವಾದ ಮಳೆಗಾಲದಲ್ಲಿ ನಮ್ಮ ಟ್ಯಾಂಕಿಗೇ ರೋಗ ಬಂತು. ಹೊಸ ಮರಿಗಳು ಬಂದು ಹದಿನೈದು ದಿನವಾಗಿತ್ತು. ನಾನು ಅಣ್ಣನ ಮಗುವಿನ ನಾಮಕರಣಕ್ಕೆಂದು ಉಡುಪಿಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಮರಿಗಳು ಸುತ್ತು ಹಾಕಲು ಶುರುಮಾಡಿದ್ದವು. ಮೊದಲ ವಾರ ರಾಶಿ ರಾಶಿ ಸತ್ತವು, ಗೀಟು ಹಾಕುವ ಮಾತೇ ಇಲ್ಲ. ಮೂವತ್ತು ಚಿಲ್ಲರೆ ಉಳಿದ ಮೇಲೆ ಕಾಕಾ ಒಂದೊಂದಕ್ಕೂ ಗೀಟು ಎಳೆದರು. ದಿನಾ ಬೆಳಿಗ್ಗೆ ಎರಡೋ ಮೂರೋ ಗೀಟು ಒರೆಸುವುದು. ಆಗಸ್ಟ್ ಮುಗಿಯುವ ಹೊತ್ತಿಗೆ ಸಾವು ನಿಂತಿತು. ಚಳಿಗಾಲಕ್ಕೆ ಟ್ಯಾಂಕಿನಲ್ಲಿ ಹನ್ನೊಂದು ಮೀನುಗಳಿದ್ದವು, ಮೊಳದುದ್ದ ಬೆಳೆದಿದ್ದವು.

ಆ ಹನ್ನೊಂದರಲ್ಲಿ ಒಂದಕ್ಕೆ ಕಾಕಾ ಅಜ್ಜ ಎನ್ನುತ್ತಿದ್ದರು. ಎಲ್ಲಕ್ಕಿಂತ ಗಿಡ್ಡ, ಎಡಗಣ್ಣಿಗೆ ಹೂ ಬಿದ್ದಿತ್ತು, ಈಜುವಾಗ ಒಂದು ಕಡೆ ವಾಲುತ್ತಿತ್ತು. ಬೇರೆಯವೆಲ್ಲ ನುಗ್ಗಿ ತಿಂದು ಮುಗಿಸಿದ ಮೇಲೆ ಅದು ನಿಧಾನವಾಗಿ ಬರುವುದು. ಅದಕ್ಕೆಂದೇ ಕಾಕಾ ಒಂದು ಹಿಡಿ ಸೀಗಡಿ ತೆಗೆದಿಟ್ಟಿರುತ್ತಿದ್ದರು. ಮಧ್ಯಾಹ್ನ ತಮ್ಮ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚುವ ಮೊದಲು ಊರಿಗೆ ಫೋನ್ ಮಾಡಿ ಹೆಂಡತಿಗೆ ಹೇಳುವರು: “ಹೂಂ, ಅಜ್ಜ ಉಂಡಾನ. ಇನ್ನ ನಾ ಉಣ್ಣಾವ.” ಆಫೀಸಿನಲ್ಲಿ ಯಾರೋ ಕಾಯಿಲೆಯ ಮುದುಕರಿದ್ದಾರೆ, ಇವರು ಅವರಿಗೆ ಊಟ ಹಾಕುತ್ತಾರೆ ಎಂದು ಊರಲ್ಲಿ ತಿಳಿದುಕೊಂಡಿದ್ದಾರೆ ಅಂತ ನಾನು ಒಳಗೊಳಗೇ ನಗುತ್ತಿದ್ದೆ.

ಜನವರಿಯಲ್ಲಿ ಸುದ್ದಿ ಬಂತು. ಜೀನೋಮ್ ಓದುವ ಯಂತ್ರ ನಮ್ಮಲ್ಲಿರಲಿಲ್ಲ, ದೂರದ ಊರಿನ ಪ್ರಯೋಗಾಲಯಕ್ಕೆ ಕಳಿಸಬೇಕು. ನಮಗೆ ಸಿಕ್ಕ ಸರದಿ ಒಂದೇ. ಮೇಡಂ ಬೆರಳೆತ್ತಿ ಹೇಳಿದರು: “ಏಕಚ್ ಮಾಸಾ, ಏಕಚ್ ಚಾನ್ಸ್.” ಒಂದೇ ಮೀನು, ಒಂದೇ ಅವಕಾಶ. ತಪ್ಪು ಮೀನು ಹೋದರೆ ನನ್ನ ಪಿಎಚ್‌ಡಿ ಹೋಯಿತು, ಅವರ ಐದು ವರ್ಷದ ಯೋಜನೆ ಹೋಯಿತು, ಮತ್ತೆ ಯಾವಾಗಲೋ ಯಾರಿಗೆ ಗೊತ್ತು. ಮೀನು ಆರಿಸುವ ಕೆಲಸ ನನ್ನದು.

ನಾನು ಆರಿಸಿದೆ. ಹೇಗೆ ಆರಿಸಿದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಡೊಂಬಿವಲಿಯ ಮೀನು ಮಾರ್ಕೆಟಿನಲ್ಲಿ ಅಮ್ಮನ ಸೆರಗು ಹಿಡಿದು ನಿಂತು ಕಲಿತ ಪಾಠ ನನ್ನ ಮೈಯಲ್ಲಿ ಇಳಿದಿತ್ತು. “ಕಣ್ಣು ಹೊಳಿಬೇಕು, ಕಿವಿರು ಕೆಂಪು ಉಂಟಾ ನೋಡು, ಹೊಟ್ಟೆ ಒತ್ತಿದ್ರೆ ಗಟ್ಟಿ ಇರ್ಬೇಕು, ಬಾಡಿದ್ದು ಮುಟ್ಬೇಡ ಮಾರಾಯ್ತಿ.” ಹನ್ನೊಂದರಲ್ಲಿ ಎಲ್ಲಕ್ಕಿಂತ ದೊಡ್ಡದು, ಬೆಳ್ಳಿಯ ಹಾಗೆ ಹೊಳೆಯುವುದು ಒಂದಿತ್ತು. ಅದಕ್ಕೆ ನಾನೇ ರಾಜಾ ಎಂದು ಹೆಸರಿಟ್ಟಿದ್ದೆ. ಇಷ್ಟು ಗಟ್ಟಿಯಾಗಿ ಉಳಿದದ್ದೇ ರೋಗ ಗೆದ್ದದ್ದು ಎಂದು ರಾಜಾನ ಹೆಸರು ಬರೆದು ಫಾರಂ ತುಂಬಿದೆ. ಸಾರಿನ ಮೀನು ಆರಿಸಿದ ಹಾಗೆ ವಿಜ್ಞಾನದ ಮೀನು ಆರಿಸಿದ್ದೆ. ಆಗ ಅದು ಹೊಳೆಯಲಿಲ್ಲ.

ಆಮೇಲೆ ಎರಡು ದಿನ ಕಾಕಾ ಸರಿಯಿರಲಿಲ್ಲ. ಕರೆದರೆ ಎರಡನೇ ಸಲಕ್ಕೆ ಓಗೊಡುವರು. ರೊಟ್ಟಿಯ ಡಬ್ಬಿ ಬಿಚ್ಚದೆ ಹಾಗೇ ಒಯ್ದರು. ಜ್ವರವಿರಬೇಕು ಅಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ರಾಜಾನನ್ನು ಹಿಡಿಯಲು ಬಲೆ ಎತ್ತಿದಾಗ ಅವರು ಬಲೆಯ ಹಿಡಿ ಹಿಡಿದು ನಿಂತರು.

“ತಂಗೀ, ಇದನ್ನ ಕಳಿಸಬ್ಯಾಡ್ರಿ.”

“ಯಾಕೆ ಕಾಕಾ? ಎಷ್ಟು ಚಂದ ಉಂಟು ನೋಡಿ.”

“ಚಂದ ಐತಿ. ಖರೆ ಇದಕ್ಕ ಜಡ್ಡ ಬಂದಿಲ್ಲ.”

“ಬರಲಿಲ್ಲ ಅಂತಲೇ ಅಲ್ವಾ ಇದನ್ನ ಆರಿಸಿದ್ದು?”

“ಬರಲಿಲ್ಲ ಅಂತಲ್ಲರಿ, ಬರಾಕ ನಾ ಬಿಡಲಿಲ್ಲ. ಸಣ್ಣದಿದ್ದಾಗ ಇದು ತನ್ನ ತಮ್ಮಂದಿರನ್ನ ನುಂಗತಿತ್ತು. ಅದಕ್ಕ ತಗದು ಬ್ಯಾರೆ ಟ್ಯಾಂಕಿಗೆ ಹಾಕಿದ್ದೆ. ಅದಾದ ಮ್ಯಾಲೆ ಇಲ್ಲಿ ಜಡ್ಡ ಬಂತು. ಎಲ್ಲಾ ಹ್ವಾದ ಮ್ಯಾಲೆ, ಉಳದಾವೂ ದೊಡ್ಡಾದ ಮ್ಯಾಲೆ, ತಿರುಗಿ ತಂದು ಬಿಟ್ಟೀನಿ. ನಿಮಗ ಫೋನ್ ಮಾಡಿ ಹೇಳಿದ್ನೆಲ್ಲ, ನಾಮಕರಣದಾಗ ಇದ್ರಿ.”

ನನಗೆ ಸಿಟ್ಟು ನೆತ್ತಿಗೇರಿತು. ಅರ್ಧ ಸಿಟ್ಟು, ಅರ್ಧ ಹೆದರಿಕೆ. “ರಿಜಿಸ್ಟರಿನಲ್ಲಿ ಅಂಥದ್ದೇನೂ ಇಲ್ಲ ಕಾಕಾ. ನೀವು ಹೇಳಿಲ್ಲ. ಇದೆಲ್ಲ ನಿಮಗೆ ಗೊತ್ತಾಗುವುದಿಲ್ಲ, ಬಲೆ ಬಿಡಿ,” ಎಂದೆ. ಅಪ್ಪನ ವಯಸ್ಸಿನವರಿಗೆ ನಾನು ಆಡಿದ ಮಾತು ಅದು.

ಅವರು ಬಲೆ ಬಿಟ್ಟರು. “ಗ್ವಾಡಿ ನೋಡ್ರಿ,” ಎಂದರು ಅಷ್ಟೆ.

ನೋಡಿದೆ. ಎಣಿಸಿದೆ. ಅಡ್ಡ ಗೀಟು ಹಾಕಿದ ಗೀಟುಗಳು ಹತ್ತು. ಟ್ಯಾಂಕಿನಲ್ಲಿ ಮೀನು ಹನ್ನೊಂದು. ಮತ್ತೆ ಎಣಿಸಿದರೂ ಹತ್ತೇ. ತೇವಕ್ಕೆ ಮಾಸಿದಾಗಲೆಲ್ಲ ಕಾಕಾ ಅದೇ ಗೀಟುಗಳ ಮೇಲೆ ತಿದ್ದಿ ತಿದ್ದಿ ಉಳಿಸಿಕೊಂಡಿದ್ದರು. ಒಂದು ದಿನವೂ ಊಟ ಬಿಡದ ಮೀನು ಹನ್ನೊಂದರಲ್ಲಿ ಒಂದಿತ್ತು. ಆ ಕ್ಷಣಕ್ಕೆ ಉಡುಪಿಯ ಆ ದಿನ ನೆನಪಿಗೆ ಬಂತು. ತೊಟ್ಟಿಲ ಸುತ್ತ ಹೆಂಗಸರ ಗಲಾಟೆ, ಕಿವಿಗೆ ಒತ್ತಿಕೊಂಡ ಫೋನು, “ದೊಡ್ಡದನ್ನ ಬ್ಯಾರೆ ಹಾಕೀನ್ರಿ” ಎನ್ನುವ ದನಿ, “ಹೂಂ ಹೂಂ ಕಾಕಾ, ಆಯ್ತು” ಎಂದ ನಾನು. ಅವರು ಹೇಳಿದ್ದರು. ಕೇಳಿಸಿಕೊಳ್ಳದವಳು ನಾನು.

“ಹಾಗಾದ್ರೆ ಯಾವುದು ಕಾಕಾ?” ನನ್ನ ದನಿ ಇಳಿದಿತ್ತು.

ಅವರು ಗೋಡೆಯ ಹತ್ತಿರ ಹೋದರು. ಗೋಡೆಯ ಮೇಲೆ ಒಂದು ಗೀಟು ಉಳಿದವಕ್ಕಿಂತ ಎಷ್ಟೋ ಉದ್ದವಿತ್ತು, ಎದೆಮಟ್ಟದಿಂದ ಇಳಿದು ನೆಲದ ಹತ್ತಿರ ಬಂದಿತ್ತು. ಅಡ್ಡ ಗೀಟು ಹಾಕಲು ಅವರು ಕುಕ್ಕರುಗಾಲಿನಲ್ಲಿ ಕೂತಿರಬೇಕು. ಅದನ್ನೇ ತೋರಿಸಿದರು.

“ಅಜ್ಜಂದು. ಎಲ್ಲಾರಕಿಂತ ಭಾಳ ದಿನ ಬಿದ್ದಾಂವ ಅಂವ. ಸಾಯಾಂವ ಅಂತ ಬಟ್ಟಿ ತೋಯಿಸಿ ಇಟಕೊಂಡಿದ್ದೆ. ಎದ್ದ.” ಮುಖ ಆಚೆ ತಿರುಗಿಸಿದರು. “ಎರಡ ದಿನ ಆತು ತಂಗೀ, ಹೇಳಲೋ ಬ್ಯಾಡೋ ಅಂತ ಒಳಗ ಕುದ್ಯಾಕ ಹತ್ತಿದ್ದೆ. ಹೇಳಿದ್ರ ಅಜ್ಜನ್ನ ಕೊಯ್ಯತೀರಿ. ಹೇಳದಿದ್ರ ನಿಮ್ಮ ಇಷ್ಟ ವರ್ಷದ ಕೆಲಸ ನೀರಾಗ ಹೋಗತೈತಿ. ಯಾವಾಗ ಕೊಯ್ಯತೀರಿ ಅಷ್ಟ ಹೇಳ್ರಿ. ನಾ ಪಂಪ್ ಚಾಲೂ ಮಾಡತೀನಿ.”

ಇಷ್ಟು ವರ್ಷ ಅವರ ಕೈಯಿಂದ ಮೀನು ತೆಗೆದುಕೊಂಡಿದ್ದೇವೆ, ಈ ಸಲ ಏನು ಮಾಡುತ್ತೇವೆ ಎಂದು ಅವರಿಗೆ ಹೇಳಬೇಕು ಅಂತ ನನಗಾಗಲಿ ಮೇಡಂಗಾಗಲಿ ತೋಚಿರಲೇ ಇಲ್ಲ.

“ಕೊಯ್ಯುವುದಿಲ್ಲ ಕಾಕಾ. ಬಾಲದ ಹತ್ತಿರದಿಂದ ಒಂದಿಷ್ಟು ರಕ್ತ ತೆಗೆದರೆ ಸಾಕು. ಮತ್ತೆ ಟ್ಯಾಂಕಿಗೇ ಬಿಡುವುದು.”

“ಅಷ್ಟ?”

“ಅಷ್ಟೆ.”

ಪಕ್ಕದಲ್ಲಿದ್ದ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತರು. ನಾನು ನೆಲದ ಮೇಲೆ ಕೂತು ಮೊದಲ ಸಲ ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ನಮ್ಮ ಕೆಂಪು ರಕ್ತಕಣದಲ್ಲಿ ಆ ಬರಹ ಇರುವುದಿಲ್ಲ, ಬೆಳೆಯುವಾಗಲೇ ಅದನ್ನು ಹೊರಗೆ ಹಾಕಿಬಿಡುತ್ತದೆ. ಮೀನಿನ ಪ್ರತಿಯೊಂದು ಕೆಂಪು ಕಣದಲ್ಲೂ ಪೂರ್ತಿ ಬರಹ ಇರುತ್ತದೆ. ಹಾಗಾಗಿ ಕೆಲವು ಹನಿ ಸಾಕು. ಅವರು ಬಾಯಿ ತೆರೆದು ಕೇಳಿದರು. “ಅಂದ್ರ ಅಜ್ಜನ ಪೂರಾ ಜಾತಕ ಅವನ ಒಂದ ಹನಿ ರಕ್ತದಾಗ ಐತಿ?” ಹೌದೆಂದೆ. ಆಮೇಲೆ ಅವರು ಗದರಿದರು, “ಇದನ್ನ ಮೊದಲ ಹೇಳಬಾರದೇನವಾ ನೀ? ಎರಡ ದಿನ ಅನ್ನ ಸೇರಿಲ್ಲ ನನಗ.” ಅಲ್ಲಿಯವರೆಗೆ ಮಾತಿಗೊಮ್ಮೆ ರೀ ಎನ್ನುತ್ತಿದ್ದವರು ಅವತ್ತಿನಿಂದ ನನ್ನನ್ನು ನೀನು ಎಂದೇ ಕರೆದರು.

ಗೋಡೆಯ ಮಾತೊಂದನ್ನೇ ನಂಬಿ ಫಾರಂ ಬದಲಿಸುವಂತಿರಲಿಲ್ಲ. ರಾಜಾ, ಅಜ್ಜ ಇಬ್ಬರಿಂದಲೂ ಒಂದೆರಡು ಹನಿ ರಕ್ತ ತೆಗೆದು, ಆ ವೈರಸ್ಸಿನ ಜೊತೆ ಮೈ ಹೋರಾಡಿದ ಗುರುತು ಉಂಟೇ ಎಂದು ನೋಡುವ ಪರೀಕ್ಷೆ ಮಾಡಿದೆ. ನಿಜ ಹೇಳಬೇಕೆಂದರೆ ಮೊದಲೇ ಮಾಡಬೇಕಿದ್ದ ಪರೀಕ್ಷೆ ಅದು. ಗುರುತಿದ್ದರೆ ತಟ್ಟೆಯ ಗುಳಿಯಲ್ಲಿ ದ್ರವ ಹಳದಿಯಾಗುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ತಟ್ಟೆ ತೆಗೆದೆ. ಕಾಕಾ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬನ್ನಿ ಎಂದರೆ ಚಪ್ಪಲಿ ಬಿಟ್ಟು ಬಂದರು. ರಾಜಾನ ಗುಳಿ ನೀರಿನಂತೆ ತಿಳಿಯಾಗಿತ್ತು. ಅಜ್ಜನದು ಅರಿಶಿನ ಕದಡಿದ ಹಾಗೆ.

ಮೇಡಂಗೆ ಹೇಳಿದೆ. ನನ್ನ ಫೋನಿನ ಕತೆಯನ್ನೂ ಮುಚ್ಚಿಡಲಿಲ್ಲ. ಹದಿನೈದು ನಿಮಿಷ ಮರಾಠಿಯಲ್ಲಿ ನನ್ನ ಚಳಿ ಬಿಡಿಸಿದರು. ಆಮೇಲೆ ಟ್ಯಾಂಕಿನ ಕೋಣೆಗೆ ಬಂದು ಗೋಡೆಯ ಮುಂದೆ ನಿಂತರು. ಕಾಕಾ ತಮ್ಮ ಮುರುಕು ಮರಾಠಿಯಲ್ಲಿ ಒಂದೊಂದು ಗೀಟಿನ ಕತೆ ಹೇಳಿದರು. ಮೇಡಂ ತಮ್ಮ ಮೊಬೈಲಿನಲ್ಲಿ ಗೋಡೆಯ ಫೋಟೋ ತೆಗೆದುಕೊಂಡು ನನ್ನ ಕಡೆ ತಿರುಗಿ, “ಹಾಚ್ ಆಪ್ಲಾ ಡೇಟಾ,” ಎಂದರು. ಇದೇ ನಮ್ಮ ದಾಖಲೆ. ನನ್ನ ದಪ್ಪ ರಿಜಿಸ್ಟರ್ ಕಂಕುಳಲ್ಲೇ ಇತ್ತು.

ರಕ್ತ ತೆಗೆಯುವ ದಿನ ಅಜ್ಜನನ್ನು ಹಿಡಿದವರು ಕಾಕಾ. ಕರಡಿಗೆ ಬೆನ್ನಿಗೆ ಹೋಯಿತು, ಕೈ ನೀರಿಗೆ ಹೋಯಿತು. ಒದ್ದೆ ಬಟ್ಟೆ ಮುಚ್ಚಿ, “ಮುಗೀತೋ ಅಜ್ಜಾ, ಮುಗೀತು, ಇನ್ನೊಂದ ಚೂರ,” ಎಂದು ಮಕ್ಕಳಿಗೆ ಸೂಜಿ ಚುಚ್ಚಿಸುವಾಗ ಹೇಳುವ ಹಾಗೆ ಹೇಳುತ್ತಲೇ ಇದ್ದರು. ಅವರ ಕೈ ಅಲುಗಲಿಲ್ಲ. ಅವತ್ತು ಪಂಪ್ ಚಾಲೂ ಆಗಲಿಲ್ಲ. ಟ್ಯಾಂಕಿಗೆ ಬಿಟ್ಟ ಅಜ್ಜ ಒಂದು ಮೂಲೆಗೆ ಹೋಗಿ ಮುನಿಸಿಕೊಂಡು ಕೂತ. ಕಾಕಾ ಗೋಡೆಗೆ ಹೊಸದೊಂದು ಸಣ್ಣ ಗೀಟು ಎಳೆದರು. ಮಾರನೆಯ ದಿನ ಮಧ್ಯಾಹ್ನ ಅದಕ್ಕೆ ಅಡ್ಡ ಗೀಟು ಬಿತ್ತು.

ಓದಿದ ಬರಹ ನಮ್ಮ ಕೈಗೆ ಬರಲು ತಿಂಗಳುಗಳೇ ಹಿಡಿದವು. ಅದನ್ನು ಕೂಡಿಸಿ ಅರ್ಥ ಮಾಡಲು ಇನ್ನೂ ಹೆಚ್ಚು. ಒಂದು ಮೀನಿನ ಬರಹದಿಂದ ಲೋಕ ಬದಲಾಗುವುದಿಲ್ಲ, ನಾನು ಹಾಗೆ ಕೊಚ್ಚಿಕೊಳ್ಳುವುದೂ ಇಲ್ಲ. ಆದರೆ ರೋಗ ಎದುರಿಸುವ ಕೆಲಸಕ್ಕೆ ಸಂಬಂಧಿಸಿದ ಕಡೆ, ಸತ್ತ ಮೀನುಗಳಲ್ಲಿ ಕಾಣದ ಕೆಲವು ಅಕ್ಷರಗಳು ಅಜ್ಜನಲ್ಲಿದ್ದವು. ಗೋಡೆಯ ಉಳಿದ ಒಂಬತ್ತು ಗೀಟಿನ ಮೀನುಗಳಲ್ಲಿ ಹುಡುಕಿದರೆ ಹೆಚ್ಚಿನವುಗಳಲ್ಲಿ ಅದೇ ಅಕ್ಷರಗಳು. ರಾಜಾನಲ್ಲಿ ಇರಲಿಲ್ಲ. ಆ ಗುರುತು ಹಿಡಿದು ಮೀನುಮರಿ ಮಾಡಿಸಿ ಮಾರುವ ಒಂದು ಕೇಂದ್ರದವರು ತಂದೆತಾಯಿ ಮೀನುಗಳನ್ನು ಆರಿಸಿದರು. ಆ ಮರಿಗಳನ್ನು ಒಯ್ದ ಉರಣಿನ ರೈತನೊಬ್ಬ ಎರಡನೆಯ ಮಳೆಗಾಲ ಮುಗಿದ ಮೇಲೆ ಫೋನ್ ಮಾಡಿ, ಈ ಸಲ ಕೊಳ ಖಾಲಿಯಾಗಲಿಲ್ಲ ಎಂದ. ಅವತ್ತು ನಾನು ಕಾಕಾನ ಕೈ ಹಿಡಿದು ಟ್ಯಾಂಕಿನ ಸುತ್ತ ಒಂದು ಸುತ್ತು ಕುಣಿದೆ. “ಹುಚ್ಚಿ, ಬಿಡವಾ, ಕೈ ನಾರತಾವ,” ಎಂದು ಅವರು ಬಿಡಿಸಿಕೊಂಡರು.

ಪ್ರಬಂಧ ಅಚ್ಚಿಗೆ ಹೋಗುವಾಗ ಕೊನೆಯಲ್ಲಿ ಕೃತಜ್ಞತೆ ಹೇಳುವ ಕಡೆ ಅವರ ಹೆಸರು ಹಾಕುತ್ತೇವೆ ಎಂದೆವು. ಅವರು ಗಾಬರಿಯಾದರು. “ಬ್ಯಾಡವಾ. ಬೀಗರ ಮನ್ಯಾಗ ಓದಿದ ಹುಡುಗ್ರದಾರ. ನಾ ನೀರಿನ ಇಲಾಖ್ಯಾಗ ಅದೀನಿ. ಆಣಿ ಮಾಡು, ಎಲ್ಲೂ ಹೆಸರ ಬರೆಯಂಗಿಲ್ಲ.” ಆಣೆ ಮಾಡಿದೆ. ‘ಮೀನುಗಳಿಗೆ ಊಟ ಹಾಕಿ, ಗೋಡೆಯ ಮೇಲೆ ಅವುಗಳ ಲೆಕ್ಕವಿಟ್ಟ ನಮ್ಮ ಸಹೋದ್ಯೋಗಿಗೆ’ ಎಂದಷ್ಟೇ ಅಚ್ಚಾಯಿತು. ಒಂದು ಪ್ರತಿ ಕೊಟ್ಟೆ. ಆ ಸಾಲನ್ನು ಕನ್ನಡದಲ್ಲಿ ಎರಡು ಸಲ ಹೇಳಿಸಿಕೊಂಡರು. ಒಳಗಿದ್ದ ಅಜ್ಜನ ಫೋಟೋ ನೋಡಿ, ಕುರುಡು ಕಣ್ಣಿನ ಕಡೆಯಿಂದ ಯಾಕೆ ತೆಗೆದಿರಿ ಎಂದು ಬೇಜಾರು ಮಾಡಿಕೊಂಡರು.

ಮಗಳ ಮದುವೆಯಾಗಿ ಮೊಮ್ಮಗುವೂ ಆದ ಮೇಲೆ ಕಾಕಾ ಕೆಲಸ ಬಿಟ್ಟು ಊರಿಗೆ ಹೋದರು. ತಿಂಗಳಿಗೊಮ್ಮೆ ಫೋನ್ ಬರುತ್ತಿತ್ತು. ನನ್ನ ಆರೋಗ್ಯ ಕೇಳುವ ಮೊದಲು ಅಜ್ಜನದು ಕೇಳುವರು. ಜಿತಾಡಾ ಹುಟ್ಟುವಾಗ ಗಂಡು, ವಯಸ್ಸಾದ ಮೇಲೆ ಹೆಣ್ಣಾಗುತ್ತದೆ. ಪರೀಕ್ಷೆಗಳನ್ನೆಲ್ಲ ಮಾಡಿ ಮೈಯಲ್ಲಿ ವೈರಸ್ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಅಜ್ಜನನ್ನೂ ಮರಿ ಮಾಡಿಸುವ ಟ್ಯಾಂಕಿಗೆ ಬಿಟ್ಟಿದ್ದೆವು. ಒಂದು ದಿನ ನಾನೇ ಫೋನ್ ಮಾಡಿ, “ಕಾಕಾ, ಅಜ್ಜ ಈಗ ಹೆಣ್ಣಾಗಿದೆ, ಮೊಟ್ಟೆ ಇಟ್ಟಿದೆ,” ಎಂದೆ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ. “ಹಂಗಾದ್ರ ಬರೋವಾಗ ಒಂದ ಇಳಕಲ್ ಸೀರಿ ತರತೀನಿ,” ಎಂದರು. ಬರಲಿಲ್ಲ.

ಅದೇ ವರ್ಷದ ಕೊನೆಗೆ, ಅವರ ನಂಬರಿನಿಂದ ಫೋನ್ ಬಂತು. ಎತ್ತಿ, “ಅಜ್ಜ ಚೆನ್ನಾಗುಂಟು ಕಾಕಾ,” ಎಂದುಬಿಟ್ಟೆ. ಮಾತಾಡಿದ್ದು ಅವರ ಹೆಂಡತಿ. ಹತ್ತು ದಿನದ ಹಿಂದೆ, ಮುಂಜಾನೆ ಪೂಜೆ ಮುಗಿಸಿ ಎದ್ದವರು ಹಾಗೇ ಗೋಡೆಗೆ ಒರಗಿ ಕೂತರಂತೆ. ಮತ್ತೆ ಏಳಲಿಲ್ಲ. ನಾನು ಅಳುತ್ತಿದ್ದೆ. ಆಕೆಯೇ ಸಮಾಧಾನ ಮಾಡಿದರು. ಆಮೇಲೆ ಹೇಳಿದರು, ಟ್ರಂಕಿನಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿದೆ, ಒಳಗೆ ಒಂದು ಮೀನಿನ ಚಿತ್ರ ಇದೆ, ಜೊತೆಗೆ ಒಂದು ತುಂಡು ಸೀಮೆಸುಣ್ಣ.

ಕೊಟ್ಟ ಮಾತು ಮುರಿಯಲೇ, ಸತ್ತವರ ಹೆಂಡತಿಗೆ ಸುಳ್ಳು ಹೇಳಲೇ? “ಅದು... ನೀರಿನ ಇಲಾಖೆಯಲ್ಲಿ...” ಎಂದು ತಡವರಿಸಿದೆ.

“ಇರ್ಲಿ ಬಿಡವಾ,” ಎಂದರು ಆಕೆ. “ಹಬ್ಬಕ್ಕ ಬಂದಾಗೆಲ್ಲಾ ಆ ಅಂಗಿ ಒಗದಾಕಿ ನಾ. ಯಾವ ನೀರಿನ ವಾಸನಿ ಅಂತ ನನಗ ತಿಳೀದೇನ?”

“ನಿಮಗೆ ಗೊತ್ತಿತ್ತಾ? ಮತ್ತೆ ಅವರಿಗೆ ಯಾಕೆ ಹೇಳಲಿಲ್ಲ ಅವ್ವಾ?”

“ಹೇಳಿದ್ರ ನಾಚಿ ಕೆಲಸ ಬಿಟ್ಟ ಬರತಿದ್ರು. ಬಿಟ್ಟಿದ್ರ ಆ ಅಜ್ಜಗ ಯಾರ ಉಣ್ಣಾಕ ಹಾಕತಿದ್ರು?”

ಆಮೇಲೆ ನಾನು, ಇನ್ನಾದರೂ ಅವರ ಹೆಸರು ಎಲ್ಲಾದರೂ ಬರೆಯಬಹುದೇ ಎಂದು ಕೇಳಿದೆ. ಆಕೆ ಒಪ್ಪಲಿಲ್ಲ. “ಅವ್ರು ಬ್ಯಾಡ ಅಂದಾರಲ್ಲ. ಅವ್ರ ಮಾತ ಅವ್ರ ಕೂಡ ಇರ್ಲಿ,” ಎಂದರು. ಅದಕ್ಕೇ ಇಲ್ಲಿಯೂ ಬರೆದಿಲ್ಲ. ನಾನು ಇಂದಿಗೂ ಅದೇ ಕೇಂದ್ರದಲ್ಲಿದ್ದೇನೆ. ಹೊಸದಾಗಿ ಬರುವ ವಿದ್ಯಾರ್ಥಿಗಳ ಕೈಗೆ ರಿಜಿಸ್ಟರ್ ಕೊಡುವ ಮೊದಲು ಸೀಮೆಸುಣ್ಣ ಕೊಡುತ್ತೇನೆ. ಯಾಕೆಂದು ಕೇಳಿದವರಿಗೆ ಈ ಕತೆ ಹೇಳುತ್ತೇನೆ. ನನ್ನ ಹೆಸರಿನ ಮುಂದೆ ಇರುವ ಡಾಕ್ಟರ್ ಎಂಬ ಅಕ್ಷರಗಳಲ್ಲಿ ಅರ್ಧ ಅವರದು ಎಂದೂ ಹೇಳುತ್ತೇನೆ.

ಅವತ್ತು ಫೋನ್ ಇಡುವ ಮೊದಲು ಕಾಕಾನ ಹೆಂಡತಿ ಕೇಳಿದರು, “ಮತ್ತ, ಅಜ್ಜ ಉಂಡಾನೇನವಾ?”

“ಉಂಡಿದ್ದಾನೆ ಅವ್ವಾ,” ಎಂದೆ. “ಇವತ್ತು ನಾನೇ ಹಾಕಿದೆ.”